ಬೂದಿಯಿಂದ ಬಂದ ‘ಕೆ’: ಮೂಲವಸ್ತುಗಳ ಹೆಸರುಗಳು ನಡೆದುಬಂದ ದಾರಿ



ಪರೀಕ್ಷೆ ಹತ್ತಿರ ಬಂದರೆ ನಮ್ಮ ಮಸೀದಿಯ ಹೊರ ಜಗಲಿಯಲ್ಲಿ ಮಕ್ಕಳು ಪುಸ್ತಕ ಹಿಡಿದು ಕೂರುತ್ತಾರೆ. ಮನೆಯಲ್ಲಿ ಟಿ.ವಿ. ಸದ್ದು, ಚಿಕ್ಕ ಮಕ್ಕಳ ಗಲಾಟೆ. ಇಲ್ಲಿ ಫ್ಯಾನ್ ಇದೆ, ಸದ್ದಿಲ್ಲ. ಒಂದು ದಿನ ಅಸರ್ ನಮಾಜಿನ ನಂತರ ಒಂಬತ್ತನೇ ತರಗತಿಯ ಹುಡುಗನೊಬ್ಬ ಕಣ್ಣು ಮುಚ್ಚಿ ಬಾಯಿಪಾಠ ಮಾಡುತ್ತಿದ್ದ. “ಹೈಡ್ರೋಜನ್ ಎಚ್, ಆಕ್ಸಿಜನ್ ಒ, ಕಾರ್ಬನ್ ಸಿ...” ಅಲ್ಲಿಯವರೆಗೆ ಸರಾಗ. “ಸೋಡಿಯಂ ಎಸ್‌ಒ” ಎಂದ. ಪುಸ್ತಕ ನೋಡಿದರೆ ‘ಎನ್‌ಎ’ ಎಂದಿತ್ತು. “ಪೊಟ್ಯಾಸಿಯಂ ಪಿ” ಎಂದ. ಅದೂ ತಪ್ಪು, ‘ಕೆ’. ಹುಡುಗ ಪುಸ್ತಕ ಮಡಚಿಟ್ಟ.

“ಹಜ್ರತ್, ಹೆಸರೇ ಒಂದು, ಅಕ್ಷರವೇ ಒಂದು. ಇದು ನಮ್ಮಂಥವರಿಗಲ್ಲ ಬಿಡಿ” ಎಂದ.

ಹೆಸರು ಮರೆತದ್ದು ದೊಡ್ಡ ವಿಷಯವಲ್ಲ. ‘ನಮ್ಮಂಥವರಿಗಲ್ಲ’ ಎಂಬ ಆ ಮಾತು ಮಾತ್ರ ನಮ್ಮನ್ನು ಚುಚ್ಚಿತು. ಆ ದಿನ ಅವನಿಗೆ ಕೊಡಲು ನಮ್ಮ ಬಳಿ ಉತ್ತರವಿರಲಿಲ್ಲ. ನಾವು ಮದ್ರಸಾದಲ್ಲಿ ಕಲಿತವರು, ಬಿ.ಎ.ಯಲ್ಲಿ ಇತಿಹಾಸ ಓದಿದವರು. ರಸಾಯನ ವಿಜ್ಞಾನ ನಮ್ಮ ವಿಷಯವಲ್ಲ. ಆದರೆ ಹೆಸರುಗಳಿಗೂ ಇತಿಹಾಸವಿದೆಯಲ್ಲವೇ? ಆ ಇತಿಹಾಸವನ್ನು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಹುಡುಗನಿಗೆ ಹೇಳಬೇಕಾಗಿದ್ದ ಉತ್ತರವೂ ಇದೇ.

ಬೂದಿ ಮತ್ತು ನತ್ರೂನ್

ನಮ್ಮ ರೈತರೆಲ್ಲರಿಗೂ ‘ಎನ್‌ಪಿಕೆ’ ಗೊತ್ತು. ಗೊಬ್ಬರದ ಚೀಲದ ಮೇಲೆ 17:17:17 ಎಂದೋ 10:26:26 ಎಂದೋ ಬರೆದಿರುತ್ತದೆ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಪೊಟ್ಯಾಷ್‌ಗೆ ‘ಕೆ’ ಎಂಬ ಅಕ್ಷರ ಎಲ್ಲಿಂದ ಬಂತು?

ಅದು ಬಂದದ್ದು ಅರಬಿ ಭಾಷೆಯ ‘ಕಲೀ’ ಎಂಬ ಪದದಿಂದ. ಕಾಫ್ ಅಲ್ಲ, ಗಂಟಲಿನ ‘ಖಾಫ್’ ಎಂದು ಮದ್ರಸಾದ ಮಕ್ಕಳಿಗೆ ಹೇಳಿದರೆ ಕೂಡಲೇ ತಿಳಿಯುತ್ತದೆ. ಗಿಡಗಳನ್ನು ಸುಟ್ಟರೆ ಉಳಿಯುವ ಬೂದಿಗೆ ಅರಬರು ಇಟ್ಟ ಹೆಸರದು. ‘ಅಲ್’ ಸೇರಿ ‘ಅಲ್‌ಕಲೀ’ ಆಯಿತು. ಯುರೋಪಿಗೆ ಹೋಗಿ ‘ಆಲ್ಕಲಿ’ ಆಯಿತು. ಇದನ್ನೇ ನಮ್ಮ ಪಾಠಪುಸ್ತಕಗಳು ಕ್ಷಾರ ಎನ್ನುತ್ತವೆ. ಇದೇ ‘ಕಲೀ’ಯಿಂದ ಲ್ಯಾಟಿನ್‌ನಲ್ಲಿ ‘ಕ್ಯಾಲಿಯಂ’ ಎಂಬ ಹೆಸರನ್ನು ಮಾಡಿಕೊಂಡರು. ಅದರ ಮೊದಲ ಅಕ್ಷರವೇ ಗೊಬ್ಬರ ಚೀಲದ ‘ಕೆ’.

ಇಂಗ್ಲಿಷ್ ಹೆಸರು ಕೂಡ ಬೂದಿಯದೇ. ಬೂದಿಯನ್ನು ನೀರಿನಲ್ಲಿ ನೆನೆಸಿ, ಸೋಸಿ, ಆ ನೀರನ್ನು ಮಡಕೆಯಂಥ ಪಾತ್ರೆಯಲ್ಲಿ ಇಂಗುವವರೆಗೆ ಕುದಿಸುತ್ತಿದ್ದರು. ತಳದಲ್ಲಿ ಬಿಳಿ ಪುಡಿ ಉಳಿಯುತ್ತಿತ್ತು. ‘ಮಡಕೆಯ ಬೂದಿ’ ಎಂಬುದೇ ‘ಪಾಟ್ಯಾಷ್’. ನಮ್ಮ ಅಜ್ಜಿಯರು ಪಾತ್ರೆಯನ್ನು ಒಲೆಯ ಬೂದಿಯಿಂದ ತಿಕ್ಕುತ್ತಿದ್ದರು. ಜಿಡ್ಡು ಬಿಡುತ್ತಿದ್ದುದು ಈ ‘ಕಲೀ’ಯಿಂದಲೇ. ಹೆಸರು ಗೊತ್ತಿಲ್ಲದಿದ್ದರೂ ವಸ್ತು ಮನೆಯಲ್ಲೇ ಇತ್ತು.

ಇನ್ನು ಸೋಡಿಯಂನ ‘ಎನ್‌ಎ’. ಈಜಿಪ್ಟಿನಲ್ಲಿ ಕೈರೋ ನಗರದ ವಾಯುವ್ಯಕ್ಕೆ ‘ವಾದಿ ನತ್ರೂನ್’ ಎಂಬ ತಗ್ಗು ಪ್ರದೇಶವಿದೆ. ಅಲ್ಲಿನ ಕೆರೆಗಳ ನೀರು ಬೇಸಿಗೆಯಲ್ಲಿ ಆರಿದಾಗ ದಡದ ಮೇಲೆ ಬಿಳಿ ಪದರ ಉಳಿಯುತ್ತದೆ. ಅದೇ ನತ್ರೂನ್. ನಮ್ಮ ಬಯಲುಸೀಮೆಯ ಸವಳು ನೆಲದ ಮೇಲೆ ಕಾಣುವ ಬಿಳಿ ಹೊದಿಕೆಯನ್ನು ನೆನೆದರೆ ಚಿತ್ರ ಕಣ್ಣಿಗೆ ಬರುತ್ತದೆ. ಫಿರ್‌ಔನ್‌ಗಳ ಕಾಲದ ಈಜಿಪ್ಟಿನವರು ಶವಗಳನ್ನು ಒಣಗಿಸಲು ಬಳಸಿದ್ದು ಇದನ್ನೇ. ಗಾಜು ಮಾಡಲು, ಬಟ್ಟೆ ಒಗೆಯಲು ಬಳಸಿದ್ದೂ ಇದನ್ನೇ. ಪ್ರಾಚೀನ ಈಜಿಪ್ಟಿನ ಆ ಹೆಸರು ಗ್ರೀಕರ ಬಾಯಲ್ಲಿ ‘ನಿತ್ರಾನ್’ ಆಯಿತು, ಅರಬಿಯಲ್ಲಿ ‘ನತ್ರೂನ್’ ಆಯಿತು, ಹೊಸ ಲ್ಯಾಟಿನ್‌ನಲ್ಲಿ ‘ನೇಟ್ರಿಯಂ’ ಆಗಿ ನಿಂತಿತು.

ಇಲ್ಲಿ ಒಂದು ಮುಖ್ಯ ಸಂಗತಿಯಿದೆ. ಬೂದಿಯ ಉಪ್ಪು ಮತ್ತು ಕೆರೆಯ ಉಪ್ಪು ನೋಡಲು ಒಂದೇ. ಎರಡೂ ಬಿಳಿ, ನೀರಿನಲ್ಲಿ ಕರಗಿಸಿ ಕೈಗೆ ಹಚ್ಚಿದರೆ ಎರಡೂ ಜಾರುತ್ತವೆ, ನಿಂಬೆರಸ ಹಾಕಿದರೆ ಎರಡೂ ನೊರೆಯುಕ್ಕಿಸುತ್ತವೆ, ಎರಡರಿಂದಲೂ ಸಾಬೂನು ಆಗುತ್ತದೆ. ಅದಕ್ಕೇ ಶತಮಾನಗಳ ಕಾಲ ಜನರು ಇವೆರಡನ್ನೂ ಕಲಸುಮೇಲೋಗರ ಮಾಡುತ್ತಿದ್ದರು. 1736ರಲ್ಲಿ ದುಹಾಮೆಲ್ ಎಂಬ ಫ್ರೆಂಚ್ ವಿದ್ವಾಂಸರು ಅಡುಗೆ ಉಪ್ಪಿನಲ್ಲಿರುವ ಕ್ಷಾರವೇ ಬೇರೆ, ಗಿಡದ ಬೂದಿಯ ಕ್ಷಾರವೇ ಬೇರೆ ಎಂದು ತೋರಿಸಿದರು. 1750ರ ದಶಕದ ಕೊನೆಯಲ್ಲಿ ಜರ್ಮನಿಯ ಮಾರ್ಗ್ರಾಫ್ ಅವುಗಳನ್ನು ಬೆಂಕಿಗೆ ಹಿಡಿದು ನೋಡಿದರು. ಒಂದು ಹಳದಿ ಜ್ವಾಲೆ ಕೊಟ್ಟಿತು, ಇನ್ನೊಂದು ತಿಳಿ ನೇರಳೆ. ಕೊನೆಗೆ 1807ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ಇವೆರಡರ ಮೂಲಕ ವಿದ್ಯುತ್ ಹರಿಸಿ, ಕೆಲವೇ ದಿನಗಳ ಅಂತರದಲ್ಲಿ ಎರಡು ಹೊಸ ಲೋಹಗಳನ್ನು ಹೊರತೆಗೆದರು. ಅವುಗಳಿಗೆ ಪೊಟ್ಯಾಸಿಯಂ, ಸೋಡಿಯಂ ಎಂದು ಹೆಸರಿಟ್ಟರು.

ಒಂದರಂತೆ ಕಾಣುವ ಎರಡನ್ನು ಬೇರೆ ಮಾಡಿ ತಿಳಿಯುವುದು. ಹೆಸರಿಡುವುದರ ಉದ್ದೇಶವೇ ಇದು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಎಲ್ಲ ಕಥೆಗಳಲ್ಲೂ ಇದೇ ಬರುತ್ತದೆ.

ಅಕ್ಷರ ಕೊಟ್ಟವರು ಯಾರು?

ಹಳೆಯ ರಸವಾದಿಗಳು ಲೋಹಗಳನ್ನು ಗ್ರಹಗಳ ಗುರುತಿನಿಂದ ಬರೆಯುತ್ತಿದ್ದರು. ಚಿನ್ನಕ್ಕೆ ಸೂರ್ಯ, ಬೆಳ್ಳಿಗೆ ಚಂದ್ರ, ಕಬ್ಬಿಣಕ್ಕೆ ಮಂಗಳ. 1808ರಲ್ಲಿ ಇಂಗ್ಲೆಂಡಿನ ಶಾಲಾ ಮೇಷ್ಟರೂ ವಿಜ್ಞಾನಿಯೂ ಆಗಿದ್ದ ಜಾನ್ ಡಾಲ್ಟನ್ ವೃತ್ತಗಳ ಪದ್ಧತಿ ತಂದರು. ಖಾಲಿ ವೃತ್ತ ಆಕ್ಸಿಜನ್, ನಡುವೆ ಚುಕ್ಕೆಯಿದ್ದರೆ ಹೈಡ್ರೋಜನ್, ಪೂರ್ತಿ ಕಪ್ಪಾಗಿದ್ದರೆ ಇಂಗಾಲ. ಬರೆಯುವವರಿಗೂ ಕಷ್ಟ, ಮುದ್ರಣಾಲಯದವರಿಗೆ ಇನ್ನೂ ಕಷ್ಟ.

ಸ್ವೀಡನ್ನಿನ ಬರ್ಜೀಲಿಯಸ್ ಎಂಬ ವಿಜ್ಞಾನಿ 1813-14ರಲ್ಲಿ ಸುಲಭ ದಾರಿ ತೋರಿಸಿದರು. ವೃತ್ತ ಬೇಡ, ಚಿತ್ರ ಬೇಡ, ಅಕ್ಷರ ಸಾಕು. ಆದರೆ ಯಾವ ಭಾಷೆಯ ಹೆಸರಿನ ಅಕ್ಷರ? ಕಬ್ಬಿಣಕ್ಕೆ ಇಂಗ್ಲಿಷಿನವರದು ಒಂದು ಹೆಸರು, ಫ್ರೆಂಚರದು ಇನ್ನೊಂದು, ಜರ್ಮನರದು ಮತ್ತೊಂದು. ಆ ಕಾಲದ ವಿದ್ವಾಂಸರೆಲ್ಲರೂ ಓದಬಲ್ಲ ಭಾಷೆ ಲ್ಯಾಟಿನ್. ಆದ್ದರಿಂದ ಲ್ಯಾಟಿನ್ ಹೆಸರಿನ ಮೊದಲ ಅಕ್ಷರ, ಎರಡು ವಸ್ತುಗಳ ಮೊದಲ ಅಕ್ಷರ ಒಂದೇ ಆದರೆ ಜೊತೆಗೆ ಇನ್ನೊಂದು ಅಕ್ಷರ. ಇಷ್ಟೇ ನಿಯಮ.

ಈ ನಿಯಮ ಗೊತ್ತಾದರೆ ನಮ್ಮ ಹುಡುಗನ ಅರ್ಧ ಕಷ್ಟ ಮುಗಿಯಿತು. ಕಬ್ಬಿಣ ಲ್ಯಾಟಿನ್‌ನಲ್ಲಿ ‘ಫೆರ್ರಮ್’, ಅದಕ್ಕೆ ‘ಎಫ್‌ಇ’. ಚಿನ್ನ ‘ಔರಮ್’, ಅದಕ್ಕೆ ‘ಎಯು’. ಬೆಳ್ಳಿ ‘ಅರ್ಜೆಂಟಮ್’, ಅದಕ್ಕೆ ‘ಎಜಿ’. ತಾಮ್ರ ‘ಕುಪ್ರಮ್’, ಅದಕ್ಕೆ ‘ಸಿಯು’. ತಾಮ್ರದ ಗಣಿಗಳಿಗೆ ಹೆಸರಾಗಿದ್ದ ಸೈಪ್ರಸ್ ದ್ವೀಪದ ಹೆಸರೇ ಆ ಲೋಹಕ್ಕೆ ಬಂತು. ಪಾದರಸ ‘ಹೈಡ್ರಾರ್ಜಿರಮ್’, ಅದಕ್ಕೆ ‘ಎಚ್‌ಜಿ’. ಆ ಹೆಸರಿನ ಅರ್ಥ ನೀರಿನಂಥ ಬೆಳ್ಳಿ.

ಈ ಅಕ್ಷರಗಳನ್ನು ಡಾಲ್ಟನ್ ಕೊನೆಯವರೆಗೂ ಒಪ್ಪಲಿಲ್ಲ. ಹೊಸ ವಿದ್ಯಾರ್ಥಿಗೆ ಇದನ್ನು ಕಲಿಯುವುದೂ ಹೀಬ್ರೂ ಕಲಿಯುವುದೂ ಒಂದೇ ಎಂಬ ಅರ್ಥದಲ್ಲಿ ಅವರು ಬೇಸರಪಟ್ಟಿದ್ದರು. ಅಷ್ಟು ದೊಡ್ಡ ವಿಜ್ಞಾನಿಗೇ ಕಷ್ಟವೆನಿಸಿದ್ದು ಒಂಬತ್ತನೇ ತರಗತಿಯ ಹುಡುಗನಿಗೆ ಕಷ್ಟವೆನಿಸಿದರೆ ಅದರಲ್ಲಿ ನಾಚಿಕೆಯೇನಿದೆ?

ಅಜ್ಜನ ತವರ

ಲೋಹಗಳಲ್ಲಿ ತವರ ಮತ್ತು ಸೀಸದ ಕಥೆ ನಮ್ಮ ಮನಸ್ಸಿಗೆ ಹತ್ತಿರ. ಅದಕ್ಕೆ ಕಾರಣವಿದೆ. ನಮ್ಮ ಅಜ್ಜ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಜನ ‘ಕಲಾಯಿ ಸಾಬರು’ ಎಂದು ಕರೆಯುತ್ತಿದ್ದರು. ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬು ಏಳುತ್ತದೆ, ತಿಂದವರಿಗೆ ವಾಂತಿಯಾಗುತ್ತದೆ. ಅದನ್ನು ತಡೆಯಲು ಒಳಗೆ ತವರದ ತೆಳು ಪದರ ಕೊಡುವುದೇ ಕಲಾಯಿ. ಮರದ ಕೆಳಗೆ ಗುಂಡಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿ ಪಾತ್ರೆ ಕಾಯಿಸುತ್ತಿದ್ದರು. ಮೇಲೆ ನವಸಾಗರದ ಪುಡಿ ಉದುರಿಸಿದರೆ ದಟ್ಟ ಬಿಳಿ ಹೊಗೆ ಏಳುತ್ತಿತ್ತು. ಲೋಹದ ಮೇಲಿನ ಕೊಳೆಯ ಪದರವನ್ನು ಕಿತ್ತು ತೆಗೆಯುವುದು ನವಸಾಗರದ ಕೆಲಸ. ತವರದ ಕಡ್ಡಿ ಸವರಿ, ಹತ್ತಿಯಿಂದ ಒರೆಸಿದರೆ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಇದ್ದಿಲಿನ ಬೆಂಕಿಯೇ ಸಾಕು.

‘ಕಲಾಯಿ’ ಎಂಬ ಪದವೂ ಅರಬಿಯಿಂದ ಬಂದದ್ದು. ಅರಬಿಯಲ್ಲಿ ತವರಕ್ಕೆ ‘ಕಲಈ’ ಎಂಬ ಹೆಸರಿತ್ತು. ಮಲಯ ಕರಾವಳಿಯ ‘ಕಲಹ್’ ಎಂಬ ಬಂದರಿನಿಂದ ಬರುವ ಸರಕು ಎಂಬ ಅರ್ಥದಲ್ಲಿ ಆ ಹೆಸರು ಬಂತೆಂದು ಹೇಳುತ್ತಾರೆ. ಪೂರ್ತಿ ಹೆಸರು ‘ರಸಾಸ್ ಕಲಈ’, ಅಂದರೆ ಕಲಹ್‌ನ ಸೀಸ. ನೋಡಿ, ಅರಬರ ಬಾಯಲ್ಲಿ ತವರವೂ ಒಂದು ಬಗೆಯ ಸೀಸವೇ ಆಗಿತ್ತು! ರೋಮನ್ನರ ಮಾತೂ ಹೀಗೆಯೇ ಇತ್ತು. ಸೀಸ ಅವರಿಗೆ ‘ಕಪ್ಪು ಪ್ಲಂಬಮ್’, ತವರ ‘ಬಿಳಿ ಪ್ಲಂಬಮ್’. ಮುಂದೆ ತವರಕ್ಕೆ ‘ಸ್ಟ್ಯಾನಮ್’ ಎಂಬ ಬೇರೆ ಹೆಸರು ಗಟ್ಟಿಯಾಯಿತು, ಸಂಕೇತ ‘ಎಸ್‌ಎನ್’. ಸೀಸಕ್ಕೆ ‘ಪ್ಲಂಬಮ್’ ಉಳಿಯಿತು, ಸಂಕೇತ ‘ಪಿಬಿ’. ರೋಮನ್ನರ ನೀರಿನ ಕೊಳವೆಗಳು ಸೀಸದವು. ನಲ್ಲಿ ಕೆಲಸದವರನ್ನು ‘ಪ್ಲಂಬರ್’ ಎನ್ನುವುದು ಅದೇ ಪದದಿಂದ.

ನೋಡಲು ಅಣ್ಣತಮ್ಮಂದಿರಂತಿದ್ದರೂ ಇವುಗಳಲ್ಲಿ ಒಂದು ಅಡುಗೆಮನೆಗೆ ಯೋಗ್ಯ, ಇನ್ನೊಂದು ನಿಧಾನ ವಿಷ. ತವರ ದುಬಾರಿ, ಸೀಸ ಅಗ್ಗ. ಆದ್ದರಿಂದ ತವರಕ್ಕೆ ಸೀಸ ಬೆರೆಸಿ ಮಾರುವವರೂ ಇದ್ದರು. ಅಜ್ಜ ಅಂಗಡಿಯಲ್ಲಿ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಿದ್ದರು. ಶುದ್ಧ ತವರ ಬಗ್ಗುವಾಗ ಕಿರ್ ಎಂದು ಸಣ್ಣಗೆ ಅಳುತ್ತದೆ. ಸೀಸ ಹೆಚ್ಚು ಬೆರೆತರೆ ಆ ದನಿ ಕುಂದುತ್ತದೆ. “ಅಳದ ತವರ ತರಬಾರದು, ಮನೆಮಂದಿ ಅಳಬೇಕಾಗುತ್ತದೆ” ಎನ್ನುತ್ತಿದ್ದರು. ಎಸ್‌ಎನ್, ಪಿಬಿ ಎಂಬ ಅಕ್ಷರಗಳು ಅವರಿಗೆ ಗೊತ್ತಿರಲಿಲ್ಲ. ಆದರೆ ಆ ಅಕ್ಷರಗಳು ಯಾವುದನ್ನು ಬೇರೆ ಮಾಡುತ್ತವೋ ಅದನ್ನು ಅವರ ಕಿವಿ ಬೇರೆ ಮಾಡುತ್ತಿತ್ತು. ಅಂಥವರ ಮೊಮ್ಮಕ್ಕಳು ‘ಇದು ನಮ್ಮಂಥವರಿಗಲ್ಲ’ ಎನ್ನಬಹುದೇ?

ಸುರ್ಮಾ ಡಬ್ಬಿಯೊಳಗೆ

ಸೀಸದ ಮಾತು ಬಂದಾಗ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಆಂಟಿಮನಿ ಎಂಬ ಮೂಲವಸ್ತುವಿನ ಸಂಕೇತ ‘ಎಸ್‌ಬಿ’, ಲ್ಯಾಟಿನ್ನಿನ ‘ಸ್ಟಿಬಿಯಮ್’ನಿಂದ. ಅದರ ಅದಿರು ಕಪ್ಪಗೆ ಹೊಳೆಯುವ ಕಲ್ಲು. ಅದನ್ನು ನುಣ್ಣಗೆ ಅರೆದು ಕಣ್ಣಿಗೆ ಹಚ್ಚುವ ರೂಢಿ ಬಹಳ ಹಳೆಯದು. ಪ್ರವಾದಿ(ಸ)ರವರು ‘ಇಸ್ಮಿದ್’ ಎಂಬ ಸುರ್ಮಾವನ್ನು ಮೆಚ್ಚಿದ್ದರೆಂದು ತಿರ್ಮಿದಿ, ಅಬೂದಾವೂದ್ ಮುಂತಾದ ಹದೀಸ್ ಸಂಗ್ರಹಗಳಲ್ಲಿ ಬಂದಿದೆ. ಇಸ್ಮಿದ್ ಎಂದರೆ ಈ ಆಂಟಿಮನಿಯ ಕಲ್ಲೇ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಈ ಪುಡಿಗೆ ಅರಬಿಯಲ್ಲಿ ‘ಕುಹ್ಲ್’ ಎಂಬ ಹೆಸರೂ ಇದೆ. ‘ಅಲ್‌ಕುಹ್ಲ್’ ಎಂಬ ಪದ ಯುರೋಪಿಗೆ ಹೋಗಿ, ಮೊದಲು ‘ನುಣ್ಣನೆಯ ಪುಡಿ’, ಆಮೇಲೆ ‘ಯಾವುದೇ ವಸ್ತುವಿನ ಸಾರ’, ಕೊನೆಗೆ ‘ದ್ರಾಕ್ಷಿ ಮದ್ಯದ ಸಾರ’ ಎಂದು ಅರ್ಥ ಬದಲಿಸುತ್ತಾ ‘ಆಲ್ಕೋಹಾಲ್’ ಆಯಿತು. ಕಣ್ಣಿನ ಕಪ್ಪಿನ ಹೆಸರು ಶರಾಬಿನ ಬಾಟಲಿಗೆ ಅಂಟಿಕೊಂಡದ್ದು ಹೆಸರುಗಳ ಇತಿಹಾಸದ ಒಂದು ವಿಚಿತ್ರ.

ಆದರೆ ನಗುವ ವಿಷಯ ಇಷ್ಟೇ. ಇಂದು ಮಾರುಕಟ್ಟೆಯಲ್ಲಿ ಸುರ್ಮಾ ಎಂದು ಸಿಗುವ ಎಷ್ಟೋ ಪುಡಿಗಳಲ್ಲಿ ಇರುವುದು ಆಂಟಿಮನಿಯಲ್ಲ, ಸೀಸದ ಅದಿರು. ಅದೂ ಕಪ್ಪು, ಅದೂ ಹೊಳೆಯುತ್ತದೆ, ಅರೆದರೆ ಎರಡನ್ನೂ ಕಣ್ಣಿನಿಂದ ಬೇರೆ ಮಾಡಲಾಗದು. ಹಲವು ದೇಶಗಳಲ್ಲಿ ಇಂಥ ಪುಡಿಗಳನ್ನು ಪರೀಕ್ಷಿಸಿ ಸೀಸ ಇರುವುದನ್ನು ಕಂಡಿದ್ದಾರೆ. ಮಕ್ಕಳ ದೇಹದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ಕಣ್ಣುಜ್ಜಿ ಅದೇ ಕೈಯನ್ನು ಬಾಯಿಗೆ ಹಾಕುತ್ತದೆ. ಸೀಸ ರಕ್ತಕ್ಕೆ ಸೇರುತ್ತದೆ, ಬೆಳೆಯುತ್ತಿರುವ ಮಿದುಳನ್ನು ಕುಂದಿಸುತ್ತದೆ. ಹಾಗೆಂದು ಆಂಟಿಮನಿಯೂ ಆಟದ ವಸ್ತುವಲ್ಲ. ಹಸುಗೂಸುಗಳ ಕಣ್ಣಿಗೆ ಹೆಸರು ಗೊತ್ತಿಲ್ಲದ ಯಾವ ಪುಡಿಯನ್ನೂ ಹಚ್ಚಬೇಡಿ ಎಂದು ತಾಯಂದಿರಲ್ಲಿ ನಮ್ಮ ವಿನಂತಿ. ಡಬ್ಬಿಯ ಮೇಲೆ ‘ಸುನ್ನತ್’ ಎಂದು ಬರೆದ ಮಾತ್ರಕ್ಕೆ ಒಳಗಿನ ಪಿಬಿ ಎಸ್‌ಬಿ ಆಗುವುದಿಲ್ಲ.

ರಯ್ ನಗರದಿಂದ ಬೀದರ್‌ವರೆಗೆ

ವಸ್ತುಗಳನ್ನು ಹೀಗೆ ವಿಂಗಡಿಸುವ ಕೆಲಸದಲ್ಲಿ ಮುಸ್ಲಿಂ ಜಗತ್ತಿನ ವಿದ್ವಾಂಸರ ಪಾಲೇನು? ಇಲ್ಲಿ ನಾವು ಅಬೂಬಕರ್ ಅಲ್‌ರಾಝಿಯವರನ್ನು ನೆನೆಯಬೇಕು. ಇರಾನಿನ ರಯ್ ನಗರದಲ್ಲಿ ಹುಟ್ಟಿ, ಸುಮಾರು ಕ್ರಿ.ಶ. 865ರಿಂದ 925ರವರೆಗೆ ಬಾಳಿದ ವೈದ್ಯರು ಇವರು. ತಮ್ಮ ‘ಕಿತಾಬುಲ್ ಅಸ್ರಾರ್’ ಗ್ರಂಥದಲ್ಲಿ ಅವರು ವಸ್ತುಗಳನ್ನು ಪ್ರಾಣಿಜನ್ಯ, ಸಸ್ಯಜನ್ಯ, ಖನಿಜ ಎಂದು ಬೇರೆ ಮಾಡಿದರು. ಖನಿಜಗಳನ್ನು ಮತ್ತೆ ಆರು ಗುಂಪು ಮಾಡಿದರು: ಬೆಂಕಿಗಿಟ್ಟರೆ ಹಾರಿಹೋಗುವ ‘ರೂಹ್’ಗಳು, ಲೋಹಗಳು, ಕಲ್ಲುಗಳು, ಝಾಜ್‌ಗಳು, ಬೌರಕ್‌ಗಳು, ಲವಣಗಳು. ರೂಹ್‌ಗಳಲ್ಲಿ ಪಾದರಸ, ಗಂಧಕ, ಝರ್ನೀಖ್ ಮತ್ತು ನುಶಾದಿರ್ ಸೇರಿದ್ದವು.

ಈ ಪಟ್ಟಿಯ ಹೆಸರುಗಳು ಇಂದಿನ ಆವರ್ತ ಕೋಷ್ಟಕದಲ್ಲೂ ಕಾಣುತ್ತವೆ. ‘ಬೌರಕ್’ ಯುರೋಪಿನಲ್ಲಿ ‘ಬೋರಾಕ್ಸ್’ ಆಯಿತು. 1808ರಲ್ಲಿ ಅದರಿಂದ ದೊರೆತ ಮೂಲವಸ್ತು ‘ಬೋರಾನ್’. ಪರ್ಷಿಯನ್ ಮೂಲದ ‘ಝರ್ನೀಖ್’ ಮತ್ತು ಗ್ರೀಕರ ಬಾಯಿಯ ‘ಆರ್ಸೆನಿಕ್’ ಒಂದೇ ಬೇರಿನವು. ಇನ್ನು ‘ನುಶಾದಿರ್’ ಯಾವುದು? ಉರ್ದುವಿನಲ್ಲಿ ನೌಸಾದರ್, ಕನ್ನಡದಲ್ಲಿ ನವಸಾಗರ. ನಮ್ಮ ಅಜ್ಜನ ಪೊಟ್ಟಣದಲ್ಲಿದ್ದದ್ದು ಅದೇ. ಬೀದರ್‌ನ ಬಿದ್ರಿ ಕಸುಬಿನವರು ಇಂದಿಗೂ ಬಳಸುವುದು ಅದೇ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಕುಸುರಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪ ಕೊಡುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ‘ಝಡ್‌ಎನ್’ ಮತ್ತು ‘ಎಜಿ’ ಎರಡಕ್ಕೂ ಒಂದೇ ಲೇಪ, ಆದರೆ ಎರಡರ ಗುಣ ಬೇರೆ. ಆ ವ್ಯತ್ಯಾಸದಿಂದಲೇ ಬಿದ್ರಿಯ ಸೊಬಗು.

ಈ ವಿದ್ಯೆ ಯಾರೊಬ್ಬರ ಸ್ವತ್ತೂ ಅಲ್ಲ ಎಂಬುದನ್ನೂ ಹೇಳಬೇಕು. ಗ್ರೀಕ್ ವೈದ್ಯ ಗ್ರಂಥಗಳನ್ನು ಬಗ್ದಾದಿನಲ್ಲಿ ಅರಬಿಗೆ ತಂದವರಲ್ಲಿ ಪ್ರಮುಖರು ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ವಿದ್ವಾಂಸರು. ಮುಂದೆ 1144ರಲ್ಲಿ ಚೆಸ್ಟರಿನ ರಾಬರ್ಟ್ ಎಂಬವರು ಅರಬಿಯ ರಸವಿದ್ಯೆಯ ಪುಸ್ತಕವೊಂದನ್ನು ಲ್ಯಾಟಿನ್‌ಗೆ ತಂದರು. ‘ಅಲ್‌ಕೀಮಿಯಾ’ ಎಂಬ ಪದ ಆ ಕಡೆ ನಡೆದದ್ದು ಇಂಥ ಅನುವಾದಗಳ ಮೂಲಕ. ಅದರಿಂದಲೇ ‘ಕೆಮಿಸ್ಟ್ರಿ’.

ಎರಡು ಹೆಸರು, ಒಂದು ಗೊಂದಲ

ಈಗ ನಮ್ಮದೇ ಸಭೆಗಳಲ್ಲಿ ಆಗುವ ಒಂದು ತಪ್ಪಿನ ಬಗ್ಗೆ. ಜಾಬಿರ್ ಇಬ್ನ್ ಹಯ್ಯಾನ್ ಆಮ್ಲಗಳನ್ನೆಲ್ಲ ಕಂಡುಹಿಡಿದರು ಎಂದು ಭಾಷಣಗಳಲ್ಲಿ ಕೇಳುತ್ತೇವೆ. 8ನೇ ಶತಮಾನದ ಕೂಫಾದ ಜಾಬಿರ್‌ರ ಹೆಸರಿನಲ್ಲಿ ಅರಬಿಯಲ್ಲಿ ಅಪಾರ ಬರಹಗಳಿವೆ. ಲೋಹಗಳೆಲ್ಲ ಗಂಧಕ ಮತ್ತು ಪಾದರಸದ ಸಂಯೋಗದಿಂದ ಆದವು ಎಂಬ ಅವರ ಹೆಸರಿನ ವಾದ ಯುರೋಪಿನಲ್ಲಿ ಶತಮಾನಗಳ ಕಾಲ ನಡೆಯಿತು. ಆದರೆ ಯುರೋಪಿನಲ್ಲಿ ‘ಗೆಬರ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಲ್ಯಾಟಿನ್ ಪುಸ್ತಕ 13ನೇ ಶತಮಾನದ ಯುರೋಪಿನವರೊಬ್ಬರು ಬರೆದದ್ದೆಂದು ಇತಿಹಾಸಕಾರರು ತೋರಿಸಿದ್ದಾರೆ. ಜಾಬಿರ್ ಮತ್ತು ಗೆಬರ್ ಎಂಬ ಎರಡನ್ನೂ ಒಂದು ಮಾಡಿದ್ದರಿಂದ ಒಬ್ಬರ ಕೆಲಸ ಇನ್ನೊಬ್ಬರ ಖಾತೆಗೆ ಹೋಯಿತು. ಜಾಬಿರ್‌ರ ಬರಹಗಳೆಲ್ಲ ಒಬ್ಬರವೇ ಎಂಬುದರ ಬಗ್ಗೆಯೂ ಚರ್ಚೆಯಿದೆ. ಇದು ಪಾಶ್ಚಾತ್ಯರ ಕಿತಾಪತಿ ಎಂದುಕೊಳ್ಳಬೇಡಿ. ಹಿಜರಿ 377ರಲ್ಲಿ ಬಗ್ದಾದಿನ ಇಬ್ನುನ್ನದೀಮ್ ತಮ್ಮ ‘ಫಿಹ್ರಿಸ್ತ್’ನಲ್ಲಿ, ಜಾಬಿರ್ ಎಂಬವರು ಇರಲೇ ಇಲ್ಲ ಎನ್ನುವ ವಿದ್ವಾಂಸರೂ ಪುಸ್ತಕ ವ್ಯಾಪಾರಿಗಳೂ ಇದ್ದಾರೆಂದು ದಾಖಲಿಸಿ, ತಾವು ಅದನ್ನು ಒಪ್ಪುವುದಿಲ್ಲವೆಂದು ಬರೆದಿದ್ದಾರೆ. ವಿರೋಧದ ಮಾತನ್ನೂ ಮುಚ್ಚಿಡದೆ ಬರೆಯುವುದು ಅಂದಿನ ವಿದ್ವಾಂಸರ ಶಿಸ್ತು.

ಇಬ್ನ್ ಸೀನಾರನ್ನೇ ನೋಡಿ. ಕಬ್ಬಿಣವನ್ನು ಚಿನ್ನ ಮಾಡುತ್ತೇವೆ ಎನ್ನುವವರ ನಡುವೆ ಅವರು, ನೀವು ಬಣ್ಣ ಬದಲಿಸಬಹುದು, ಲೋಹದ ಜಾತಿಯನ್ನು ಬದಲಿಸಲಾರಿರಿ ಎಂಬರ್ಥದಲ್ಲಿ ‘ಶಿಫಾ’ ಗ್ರಂಥದಲ್ಲಿ ಸ್ಪಷ್ಟವಾಗಿ ಬರೆದರು. ಆ ಭಾಗದ ಲ್ಯಾಟಿನ್ ಅನುವಾದವನ್ನು ಯುರೋಪಿನವರು ಬಹಳ ಕಾಲ ಅರಿಸ್ಟಾಟಲ್‌ರದೆಂದೇ ಓದಿದರು. ಅಲ್ಲಿಯೂ ಹೆಸರಿನ ಗೊಂದಲ.

ಬೇರೆಯವರ ತಪ್ಪು ಹೇಳಿದ ಮೇಲೆ ನಮ್ಮದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಜುಮಾ ದಿನ ಮಿಂಬರಿನ ಮೇಲಿಂದ, ಕಬ್ಬಿಣದ ಹೆಸರಿರುವ ಸೂರಃ ಅಲ್‌ಹದೀದ್ 57ನೆಯದು, ಕಬ್ಬಿಣದ ಪರಮಾಣು ತೂಕವೂ 57 ಎಂದು ಹೇಳಿದ್ದೆವು. ಮೊಬೈಲಿನಲ್ಲಿ ಬಂದ ಸಂದೇಶವನ್ನು ನಂಬಿ ಹೇಳಿದ ಮಾತು. ನಮಾಜಾದ ಮೇಲೆ ಪಿಯುಸಿ ಓದುವ ಹುಡುಗನೊಬ್ಬ ಎಲ್ಲರೂ ಹೋಗುವವರೆಗೆ ಕಾದಿದ್ದು ಮೆಲ್ಲಗೆ, “ಹಜ್ರತ್, ನಮ್ಮ ಪುಸ್ತಕದಲ್ಲಿ 55.85 ಅಂತ ಇದೆ” ಎಂದ. ನಾವು ನೋಡಿದೆವು, ಅವನು ಹೇಳಿದ್ದೇ ಸರಿ. ಪ್ರಕೃತಿಯಲ್ಲಿ ಸಿಗುವ ಕಬ್ಬಿಣದಲ್ಲಿ 100ಕ್ಕೆ ಸುಮಾರು 92 ಪಾಲು 56ರ ತೂಕದ್ದು. 57ರದ್ದು 2 ಪಾಲು ಮಾತ್ರ. ಬೇಕಾದ ಸಂಖ್ಯೆ ಬರುವವರೆಗೆ ಹುಡುಕಿದರೆ ಯಾವುದನ್ನಾದರೂ ಯಾವುದಕ್ಕಾದರೂ ಹೊಂದಿಸಬಹುದು. ಆ ಸೂರಃದ 25ನೇ ವಚನದಲ್ಲಿ ಕಬ್ಬಿಣದಲ್ಲಿ ದೊಡ್ಡ ಬಲವೂ ಜನರಿಗೆ ಪ್ರಯೋಜನಗಳೂ ಇವೆ ಎಂಬ ಮಾತಿದೆ. ಅದಕ್ಕೆ ನಮ್ಮ ಲೆಕ್ಕದ ಊರುಗೋಲು ಬೇಕಿಲ್ಲ. ಮುಂದಿನ ಜುಮಾದಲ್ಲಿ ಅದೇ ಮಿಂಬರಿನಿಂದ ತಪ್ಪನ್ನು ಒಪ್ಪಿಕೊಂಡೆವು. ನಮ್ಮನ್ನು ಯಾರೂ ಕೀಳಾಗಿ ನೋಡಲಿಲ್ಲ. ಆ ಹುಡುಗ ಮುಂದಿನ ಸಾಲಿನಲ್ಲಿ ಕುಳಿತಿದ್ದ.

ಆಮ್ಲಜನಕ ಮತ್ತು ‘ಏಕ’

ಹೆಸರು ತಪ್ಪು ಅಭಿಪ್ರಾಯವನ್ನೂ ಹೊತ್ತು ತರಬಹುದು. ಅದಕ್ಕೆ ಉದಾಹರಣೆ ನಮ್ಮ ಕನ್ನಡದಲ್ಲೇ ಇದೆ. ಫ್ರಾನ್ಸಿನ ಲವಾಸಿಯೇ 1789ರಲ್ಲಿ 33 ಮೂಲವಸ್ತುಗಳ ಪಟ್ಟಿ ಕೊಟ್ಟರು. ಬೆಳಕು ಮತ್ತು ಶಾಖವೂ ಅದರಲ್ಲಿ ಸೇರಿದ್ದವು! ಎಲ್ಲ ಆಮ್ಲಗಳಿಗೂ ಕಾರಣ ಒಂದೇ ಅನಿಲ ಎಂದು ನಂಬಿದ ಅವರು ಅದಕ್ಕೆ ಗ್ರೀಕ್ ಪದಗಳಿಂದ ‘ಆಕ್ಸಿಜನ್’ ಎಂದು ಹೆಸರಿಟ್ಟರು. ಅದನ್ನೇ ಕನ್ನಡಕ್ಕೆ ತಂದಾಗ ‘ಆಮ್ಲಜನಕ’ ಆಯಿತು. ಆದರೆ ಉಪ್ಪಿನಿಂದ ತಯಾರಾಗುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು 1810ರ ಹೊತ್ತಿಗೆ ಡೇವಿ ತೋರಿಸಿದರು. ಹೆಸರು ಮಾತ್ರ ಉಳಿಯಿತು. ನೀರನ್ನು ಹುಟ್ಟಿಸುವುದು ಎಂಬ ಅರ್ಥದ ‘ಜಲಜನಕ’ ಸರಿಯಾದ ಹೆಸರು. ‘ಆಮ್ಲಜನಕ’ ಒಬ್ಬ ಮಹಾನ್ ವಿಜ್ಞಾನಿಯ ತಪ್ಪಿನ ನೆನಪು. ದೊಡ್ಡವರೂ ತಪ್ಪುತ್ತಾರೆ, ವಿದ್ಯೆ ಅವರನ್ನು ತಿದ್ದಿಕೊಂಡು ಮುಂದೆ ನಡೆಯುತ್ತದೆ.

ಇನ್ನೊಂದು ಹೆಸರು ಕನ್ನಡಿಗರ ಕಿವಿಗೆ ಹಿತ. 1869ರಲ್ಲಿ ರಷ್ಯದ ಮೆಂಡಲೀವ್ ಅಂದು ತಿಳಿದಿದ್ದ 63 ಮೂಲವಸ್ತುಗಳನ್ನು ಕೋಷ್ಟಕದಲ್ಲಿ ಜೋಡಿಸಿದಾಗ ಕೆಲವು ಮನೆಗಳು ಖಾಲಿ ಉಳಿದವು. ಇಲ್ಲಿ ಬರಬೇಕಾದವರು ಇನ್ನೂ ಬಂದಿಲ್ಲ ಎಂದು ಅವರು ಧೈರ್ಯವಾಗಿ ಹೇಳಿದರು. ಆ ಕಾಣದ ವಸ್ತುಗಳಿಗೆ ಸಂಸ್ಕೃತದ ‘ಏಕ’ ಪದ ಸೇರಿಸಿ ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ಕರೆದರು. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕು ಆ ಮನೆಗಳನ್ನು ತುಂಬಿದವು. ಇಂದು ಕೋಷ್ಟಕದಲ್ಲಿ 118 ಮೂಲವಸ್ತುಗಳಿವೆ. ಕೊನೆಯ ನಾಲ್ಕಕ್ಕೆ ಅಧಿಕೃತ ಹೆಸರು ಬಂದದ್ದು 2016ರಲ್ಲಿ.

ಹುಡುಗನಿಗೆ ಉತ್ತರ

ಹಲವು ವಾರಗಳ ನಂತರ ಅದೇ ಜಗಲಿಯಲ್ಲಿ ಆ ಒಂಬತ್ತನೇ ತರಗತಿಯ ಹುಡುಗನನ್ನು ಕೂರಿಸಿಕೊಂಡು ಇದರಲ್ಲಿ ಅರ್ಧದಷ್ಟು ಹೇಳಿದೆವು. ‘ಕಲೀ’ಯನ್ನು ಗಂಟಲಿನ ಖಾಫ್‌ನಿಂದ ಉಚ್ಚರಿಸಿ ತೋರಿಸಿದಾಗ ನಕ್ಕುಬಿಟ್ಟ. “ಹಾಗಾದರೆ ಕೆ ಅಂದರೆ ನಮ್ಮದೇ ಅಕ್ಷರ!” ಎಂದ.

ನಾವು ಅವನನ್ನು ತಿದ್ದಿದೆವು. ನಮ್ಮದು ಮಾತ್ರ ಅಲ್ಲ ಮಗನೇ. ಎನ್‌ಎ ಈಜಿಪ್ಟಿನ ಕೆರೆಯದು, ಕೆ ಅರಬರ ಬೂದಿಯದು, ಎಫ್‌ಇ ರೋಮನ್ನರದು, ಬರೆಯುವ ಕ್ರಮ ಸ್ವೀಡನ್ನಿನದು, ಖಾಲಿ ಮನೆ ತೋರಿಸಿದ ‘ಏಕ’ ಈ ನೆಲದ ಭಾಷೆಯದು. ಎಲ್ಲರೂ ಕೈ ಜೋಡಿಸಿ ಕಟ್ಟಿದ ಮನೆ ಇದು. ಇದು ನಮ್ಮದಷ್ಟೇ ಎಂದು ಬಾಗಿಲು ಹಾಕಿಕೊಳ್ಳುವುದೂ ತಪ್ಪು, ನಮ್ಮಂಥವರಿಗಲ್ಲ ಎಂದು ಹೊರಗೆ ನಿಲ್ಲುವುದೂ ತಪ್ಪು.

ಅಲ್ಲಾಹನು ಆದಮ್(ಅ)ರಿಗೆ ಎಲ್ಲ ವಸ್ತುಗಳ ಹೆಸರುಗಳನ್ನು ಕಲಿಸಿದನೆಂದು ಸೂರಃ ಅಲ್‌ಬಕರಃದಲ್ಲಿ ಬಂದಿದೆ. ಮನುಷ್ಯನ ಮೊದಲ ಪಾಠವೇ ಹೆಸರುಗಳ ಪಾಠ. ನಿಮ್ಮ ಮನೆಯಲ್ಲಿ ಈ ವರ್ಷ ಆ ಪಟ್ಟಿಯ ಮುಂದೆ ಕುಳಿತು ಬೇಸರಪಡುವ ಮಗುವಿದ್ದರೆ, ಗದರಬೇಡಿ. ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು, ಹೊಲದಿಂದ ಗೊಬ್ಬರದ ಖಾಲಿ ಚೀಲ, ಅಟ್ಟದ ಮೇಲಿನ ಕಲಾಯಿ ಪಾತ್ರೆ ತಂದು ಮುಂದಿಡಿ. ಆ ಸುರ್ಮಾ ಡಬ್ಬಿಯನ್ನೂ ಒಮ್ಮೆ ತಿರುಗಿಸಿ, ಒಳಗೆ ಏನಿದೆ ಎಂದು ಬರೆದಿದ್ದಾರೆಯೇ ಎಂದು ಮಗುವಿಗೇ ಓದಲು ಹೇಳಿ.